ಒಂದೇ ಲಾಟಿಗೆ ಎರಡು ಬಿಲ್ಲು: ಕ್ಯೂ ಸರಿಮಾಡಿದ ಬಗೆ

ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ನಮ್ಮ ಕಾಕಾ ಅವರ ಅಡತಿ ಅಂಗಡಿ. ಅಲ್ಲಿ ಹತ್ತಿ ಲಾಟಿನ ತೂಕ ಬರೆದರೆ ಮನೆಯ ಲಿನಕ್ಸ್ ಯಂತ್ರದ ಸ್ಕ್ರಿಪ್ಟ್ ಬಿಲ್ಲು ತಯಾರಿಸಬೇಕು. ಎರಡೂ ಕಡೆ ಮೊಬೈಲ್ ಡೇಟಾ, ಹೊರಗಿನಿಂದ ತಲುಪುವ ಐಪಿ ವಿಳಾಸವಿಲ್ಲ. ಹಾಗಾಗಿ ನಡುವೆ, ಸಂದೇಶಗಳನ್ನು ಇಟ್ಟುಕೊಂಡು ಕೇಳಿದಾಗ ಕೊಡುವ ಆನ್‌ಲೈನ್ ಕ್ಯೂ (ಸರತಿ ಸಾಲು) ಸೇವೆಯಾದ ಅಮೆಜಾನ್ ಎಸ್‌ಕ್ಯೂಎಸ್ ಇಟ್ಟೆ. ಒಂದು ಸ್ಕ್ರಿಪ್ಟ್ ಸಂದೇಶ ಹಾಕುತ್ತದೆ, ಇನ್ನೊಂದು ತಾನೇ ಹೋಗಿ ಕೇಳಿ ತರುತ್ತದೆ. ಕರೆಂಟು ಹೋದರೂ ಸಂದೇಶ ಡೀಫಾಲ್ಟ್ ಆಗಿ 4 ದಿನ ಉಳಿದಿರುತ್ತದೆ.

ಸುಗ್ಗಿಯಲ್ಲಿ ಮಾತ್ರ ಕೆಲವು ಲಾಟಿಗೆ ಎರಡೆರಡು ಬಿಲ್ಲು ಬರತೊಡಗಿದವು. ರೈತರ ದುಡ್ಡಿನ ಲೆಕ್ಕ, ಸುಮ್ಮನಿರಲಾಗದು!

ಕಾರಣ ಇದು: ಓದಿದ ಸಂದೇಶ ಅಳಿಯುವುದಿಲ್ಲ, 30 ಸೆಕೆಂಡು ಮರೆಯಾಗುತ್ತದೆ ಅಷ್ಟೆ. ಇದೇ ವಿಸಿಬಿಲಿಟಿ ಟೈಮ್‌ಔಟ್. ದೊಡ್ಡ ಲಾಟಿನ ಬಿಲ್ಲಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಜೊತೆಗೆ ಓಡುತ್ತಿದ್ದ ಸ್ಕ್ರಿಪ್ಟಿನ ಎರಡನೇ ಪ್ರತಿ ಅದನ್ನೇ ಎತ್ತಿಕೊಳ್ಳುತ್ತಿತ್ತು. ಅವಧಿಯನ್ನು 300 ಸೆಕೆಂಡಿಗೆ ಏರಿಸಿದೆ. ಸ್ಕ್ರಿಪ್ಟಿನ ಎಕ್ಸಿಟ್ ಕೋಡ್ 0 (ಕೆಲಸ ಸರಿಯಾಗಿ ಮುಗಿಯಿತೆಂಬ ಸೂಚನೆ) ಬಂದರಷ್ಟೇ ಸಂದೇಶ ಅಳಿಸುವ ಸಾಲು ಓಡುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ. ನಾನು ಬಳಸುವ ಸ್ಟ್ಯಾಂಡರ್ಡ್ ಬಗೆಯ ಕ್ಯೂ ಒಮ್ಮೊಮ್ಮೆ ತಾನಾಗಿಯೇ ಒಂದು ಸಂದೇಶವನ್ನು ಎರಡು ಸಲ ಕೊಡಬಹುದು. ಆ ಲಾಟಿನ ಬಿಲ್ಲು ಫೈಲ್ ಆಗಲೇ ಇದ್ದರೆ ಸ್ಕ್ರಿಪ್ಟ್ ಈಗ ಹೊಸದು ಮಾಡದೆ ಮುಂದಿನದಕ್ಕೆ ಹೋಗುತ್ತದೆ.