ಶಿಲ್ಪಿ ಅಪ್ಪನ ಕೆಲಸವನ್ನು ದಾಖಲಿಸುವುದು ಹೇಗೆ

ಮೊದಲಿಗೆ ಅಪ್ಪ ಕೆತ್ತುತ್ತಿದ್ದ ಕೋಣೆ ಗುಡಿಸಬೇಡಿ. ಉಳಿ, ಸುತ್ತಿಗೆ, ಅರ್ಧ ಕೆತ್ತಿದ ದೇವರ ಮುಖ ಇದ್ದಲ್ಲೇ ಇರಲಿ. ಹಾಗೇ ಫೋಟೊ ತೆಗೆಯಿರಿ. ಮೂರ್ತಿಗೆ ಬೆಳಕು ಎದುರಿನಿಂದ ಬೇಡ, ಪಕ್ಕದಿಂದ ಓರೆಯಾಗಿ ಬೀಳಲಿ. ಆಗಲೇ ಉಳಿಯ ಗೆರೆ ಎದ್ದು ಕಾಣುವುದು. ನಾಲ್ಕೂ ಬದಿ ತೆಗೆಯಿರಿ, ಜೊತೆಗೊಂದು ಅಳತೆಪಟ್ಟಿ ಇಡಿ.

ಪ್ಲಾಸ್ಟರ್ ಮಾದರಿಗೆ ನೀರು ತಾಗಿಸಲೇಬೇಡಿ. ಅದರಲ್ಲಿರುವ ಜಿಪ್ಸಂ ತುಸು ಕರಗಿ ಅಂಚುಗಳು ಮಸುಕಾಗುತ್ತವೆ. ಒಣಗಿದ ಮೆತ್ತನೆ ಬ್ರಷ್ ಸಾಕು. ರೇಖಾಚಿತ್ರಗಳಿಗೆ ಟೇಪ್ ಅಂಟಿಸಿದರೆ ಹಳದಿ ಕಲೆ ಖಂಡಿತ. ಆಮ್ಲರಹಿತ (ಆ್ಯಸಿಡ್-ಫ್ರೀ) ಹಾಳೆಗಳ ನಡುವೆ ಇಡಿ. ಉಳಿಗೆ ತೆಳುವಾಗಿ ಎಣ್ಣೆ ಸವರಿ, ಸಾಣೆ ಮಾತ್ರ ಹಿಡಿಯಬೇಡಿ, ಅಪ್ಪನ ಕೈ ಸವೆಸಿದ ಅಂಚಿನ ಓರೆ ಅಳಿಸಿಹೋದೀತು.

ಅಪ್ಪನ ಪಾಠ ಉಳಿದಿರುವುದು ಶಿಷ್ಯರಲ್ಲಿ. ‘ಏನು ಕಲಿಸಿದರು?’ ಎಂದರೆ ಬರೀ ಹೊಗಳಿಕೆ ಸಿಗುತ್ತದೆ. ಕೈಗೆ ಉಳಿ ಕೊಟ್ಟು, ‘ರೆಪ್ಪೆ ಬಿಡಿಸುವುದನ್ನು ತೋರಿಸಿ’ ಎಂದು ಕೇಳಿ, ವಿಡಿಯೊ ಮಾಡಿಕೊಳ್ಳಿ.