ವ್ಯಾಕ್ಯೂಮ್ ಪಂಪ್ ಹೋಯಿತು, ಎರಡು ಜಿ5 ಬಂತು: ನನ್ನ ಅನುಭವ

ಹಳೇ ಸೆಸ್ನಾದಲ್ಲಿ ವ್ಯಾಕ್ಯೂಮ್ ಪಂಪ್ (ಗಾಳಿ ಎಳೆದು ಮೀಟರ್ ಓಡಿಸುವ ಪಂಪ್) ಪೂರ್ತಿ ಬಿಚ್ಚಿ, ಅದರಿಂದ ಓಡುತ್ತಿದ್ದ ಎರಡು ಮೀಟರ್ ಜಾಗಕ್ಕೆ ಗಾರ್ಮಿನ್ ಜಿ5 ಎಂಬ ಎಲೆಕ್ಟ್ರಾನಿಕ್ ಪರದೆ ಕೂರಿಸುವುದು ಆಗಲ್ಲ ಅಂದವರೇ ಜಾಸ್ತಿ. ಈಗ ಲಾಗ್‌ಬುಕ್‌ನಲ್ಲಿ ಸಹಿ ಬಿದ್ದಿದೆ, ವಿಮಾನ ಹಾರುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಸೆಸ್ನಾ 172ಎಂ, 1975ರದ್ದು, 14 ವೋಲ್ಟ್. ಇರುವುದು ಹೊಸೂರು ಪಕ್ಕದ ಬೆಳಗೊಂಡಪಲ್ಲಿ ಏರ್‌ಫೀಲ್ಡ್‌ನಲ್ಲಿ. ನಾನು ತಳಿ ಕಡೆಯವನು, ಬಿ2 ಲೈಸೆನ್ಸ್, ಅಂದರೆ ವಿಮಾನದ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಕೆಲಸದವನು. ವಿಮಾನ ಎಷ್ಟು ವಾಲಿದೆ ಎಂದು ತೋರಿಸುವ ಹೊರೈಜನ್ ಮೀಟರ್, ನೆಲದ ಮೇಲೆ ಟ್ಯಾಕ್ಸಿ ಮಾಡುವಾಗಲೇ ವಾಲಿಕೊಂಡಿರುತ್ತಿತ್ತು. ದಿಕ್ಕು ತೋರಿಸುವ ಡಿಜಿಯನ್ನು ಹತ್ತು ನಿಮಿಷಕ್ಕೊಮ್ಮೆ ಸರಿಮಾಡಿಕೊಳ್ಳಬೇಕಿತ್ತು. ಇವೆರಡನ್ನೂ ಓಡಿಸುವ ವ್ಯಾಕ್ಯೂಮ್ ಪಂಪ್ (ಎಣ್ಣೆ ಬೇಡದ ಡ್ರೈ ಪಂಪ್) ಹೊಸದೊಂದು ತರಿಸಿದರೆ ಸಾಗಣೆ ಸೇರಿ 70 ಸಾವಿರದ ಹತ್ತಿರ, ಅದರ ಕಾರ್ಬನ್ ವೇನ್ ಯಾವಾಗ ಪುಡಿಯಾಗುತ್ತದೋ ಹೇಳಲಾಗದು. ಮೀಟರ್ ಒಳಗೆ ತಿರುಗುವ ಗೈರೋ ಓವರ್‌ಹಾಲ್‌ಗೆ ಒಂದೊಂದಕ್ಕೂ ಲಕ್ಷದ ಮೇಲೆ. ಒಂದು ಕಂಪನಿಯವರು ಇಡೀ ಪ್ಯಾನೆಲ್ ಗ್ಲಾಸ್ (ಡಿಜಿಟಲ್ ಪರದೆ) ಮಾಡಿಸಿ ಅಂತ 30 ಲಕ್ಷ ದಾಟಿದ ಕೊಟೇಶನ್ ಕೊಟ್ಟರು. ವಿಮಾನದ ಬೆಲೆಯೇ ಅಷ್ಟಿಲ್ಲ ಸ್ವಾಮಿ!

ವಿಮಾನದ ಯಜಮಾನರಿಗೆ ನಾನು ಹೇಳಿದ್ದು ಇಷ್ಟೇ. ಗುಂಡನೆಯ ಮೀಟರ್‌ಗಳೆಲ್ಲ ಇರಲಿ. ಹೊರೈಜನ್, ಡಿಜಿ ಎರಡು ತೂತಿಗೆ ಎರಡು ಗಾರ್ಮಿನ್ ಜಿ5 ಕೂರಿಸೋಣ, ವ್ಯಾಕ್ಯೂಮ್ ಪೂರ್ತಿ ಬಿಚ್ಚೋಣ. ಬಿ1 (ಎಂಜಿನ್, ಮೆಕ್ಯಾನಿಕಲ್ ಲೈಸೆನ್ಸ್) ಗೆಳೆಯ "ಬ್ಯಾಕಪ್ ಎಲ್ಲಿ?" ಅಂದ. ಪ್ರತಿ ಜಿ5ಗೂ 4 ಗಂಟೆಯವರೆಗೆ ಬರುವ ಸ್ವಂತ ಬ್ಯಾಟರಿ ಇದೆ. ಮೇಲಿನದು ಸತ್ತರೆ ಕೆಳಗಿನದು ಹೊರೈಜನ್ ಆಗುತ್ತದೆ. ಏರ್‌ಸ್ಪೀಡ್, ಆಲ್ಟಿಮೀಟರ್ ಹೇಗೂ ಹಳೆಯವೇ. ಪಂಪ್‌ಗಿಂತ ಇನ್ನೇನು ಬ್ಯಾಕಪ್ ಬೇಕು? ಕಾಗದದ ಕೆಲಸವೂ ಇತ್ತು. ಎಸ್‌ಟಿಸಿ (ವಿಮಾನದಲ್ಲಿ ಮಾಡುವ ಬದಲಾವಣೆಗೆ ಸಿಗುವ ಮಂಜೂರಾತಿ), ಎಲೆಕ್ಟ್ರಿಕಲ್ ಲೋಡ್ ಲೆಕ್ಕ, ತೂಕದ ರಿಪೋರ್ಟ್. ಸಮಯ ತಿಂದಿತು, ಆದರೆ ತಲೆ ತಿನ್ನಲಿಲ್ಲ.

ತಲೆ ತಿಂದದ್ದು ಮ್ಯಾಗ್ನೆಟೋಮೀಟರ್, ಭೂಮಿಯ ಕಾಂತಕ್ಷೇತ್ರ ಹಿಡಿದು ಜಿ5ಗೆ ದಿಕ್ಕು ಹೇಳುವ ಸೆನ್ಸರ್. ಎಡ ರೆಕ್ಕೆಯಲ್ಲಿ ತಾತ್ಕಾಲಿಕವಾಗಿ ಕಟ್ಟಿ ನೋಡಿದೆ. ಪಿಟೋ ಹೀಟ್ (ವೇಗ ಅಳೆಯುವ ಕೊಳವೆಯ ಹೀಟರ್) ಆನ್ ಮಾಡಿದರೆ ಹೆಡ್ಡಿಂಗ್, ಅಂದರೆ ತೋರಿಸುವ ದಿಕ್ಕು, ಏಳೆಂಟು ಡಿಗ್ರಿ ಓಡುತ್ತಿತ್ತು. ಬಲ ರೆಕ್ಕೆಯಲ್ಲಿ ಫ್ಲಾಪ್ ಮೋಟಾರ್ ಇದೆ, ಅಲ್ಲಿ ಹಾಕಲೇಬೇಡ ಅಂತ ಎಲ್ಲರೂ ಅಂದರು. ಮೋಟಾರ್ ಓಡುವುದು ಕೆಲವೇ ಸೆಕೆಂಡ್ ಅಲ್ವಾ? ಅದರಿಂದ ದೂರ, ರೆಕ್ಕೆಯ ತುದಿಯ ಕಡೆಗೆ ಸರಿಸಿದೆ. ಆಗ ರೆಕ್ಕೆ ತುದಿಯ ನ್ಯಾವ್ ಲೈಟ್ ತಕರಾರು ಶುರುವಾಯಿತು. ಸ್ವಿಚ್ ಹಾಕಿದರೆ ಮೂರು ಡಿಗ್ರಿ. ಹಳೇ ಸೆಸ್ನಾದಲ್ಲಿ ಲೈಟಿಗೆ ಒಂದೇ ವೈರ್, ವಾಪಸ್ ದಾರಿ ರೆಕ್ಕೆಯ ತಗಡೇ. ಅದಕ್ಕೆ ಪ್ರತ್ಯೇಕ ರಿಟರ್ನ್ ವೈರ್ ಎಳೆದು, ಎರಡನ್ನೂ ಹೆಣೆದು, ಎಲ್‌ಇಡಿ ಹಾಕಿದ ಮೇಲೆ ಮುಳ್ಳು ಅಲುಗಾಡಲಿಲ್ಲ.

ಇನ್ನೊಂದು ಬಾಕಿ ಇತ್ತು. ಏಲೆರಾನ್ (ವಿಮಾನ ವಾಲಿಸುವ ರೆಕ್ಕೆಯ ಪಟ್ಟಿ) ತಿರುಗಿಸಿದರೆ ಹೆಡ್ಡಿಂಗ್ ಎರಡು ಡಿಗ್ರಿ ಕದಲುತ್ತಿತ್ತು. ಅದನ್ನು ಎಳೆಯುವ ಸ್ಟೀಲ್ ಕೇಬಲ್ ಇಷ್ಟು ವರ್ಷದಲ್ಲಿ ಮ್ಯಾಗ್ನೆಟ್ ಹಿಡಿದುಬಿಟ್ಟಿತ್ತು. ಹೊಸೂರು ಬಸ್‌ಸ್ಟ್ಯಾಂಡ್ ಹತ್ತಿರ ಒಬ್ಬ ಹಳೇ ಟಿವಿ ಮೆಕ್ಯಾನಿಕ್ ಇದ್ದಾರೆ. ಪಿಕ್ಚರ್ ಟ್ಯೂಬ್ ಕಾಲದಲ್ಲಿ ಬಣ್ಣದ ಕಲೆ ತೆಗೆಯುತ್ತಿದ್ದ ಡೀಗಾಸಿಂಗ್ ಕಾಯಿಲ್ ಅವರ ಅಟ್ಟದಲ್ಲಿತ್ತು. ಅದನ್ನು ತಂದೆ. ಮ್ಯಾಗ್ನೆಟೋಮೀಟರ್ ಬಿಚ್ಚಿಟ್ಟು, ಕೇಬಲ್ ಉದ್ದಕ್ಕೂ ಕಾಯಿಲ್ ಆಡಿಸಿ, ಆನ್ ಇರುವಾಗಲೇ ನಿಧಾನಕ್ಕೆ ದೂರ ಒಯ್ದೆ. ಕೇಬಲ್ ಸುಮ್ಮನಾಯಿತು. ಅಕ್ಕಪಕ್ಕದ ಇನ್ಸ್‌ಪೆಕ್ಷನ್ ಕವರ್‌ಗಳ ಸ್ಕ್ರೂಗಳನ್ನೂ ಮ್ಯಾಗ್ನೆಟ್ ಹಿಡಿಯದವಕ್ಕೆ ಬದಲಿಸಿದೆ. ಹೆಡ್‌ಲೈನರ್ (ಚಾವಣಿಯ ಒಳಹೊದಿಕೆ) ಇಳಿಸದೆ ಕೇಬಿನ್‌ಗೆ ವೈರ್ ತಂದದ್ದು ಹೇಗೆ ಅಂತ ಮಾತ್ರ ಕೇಳಬೇಡಿ, ಬ್ರಾಕೆಟ್ ಜಾಗದ ಅಳತೆಯನ್ನೂ. ಅದು ನನ್ನ ಹೊಟ್ಟೆಪಾಡು.

ಈ ನಡುವೆ ಸುಮ್ನೆ ಒಂದು ಪ್ರಯೋಗ. ಫೋನಿನ ಸೆನ್ಸರ್ ಹಿಡಿದು ರೆಕ್ಕೆಯ ಕೆಳಗೆಲ್ಲ ಓಡಾಡಿದೆ. ನಮ್ಮಲ್ಲಿ ಭೂಮಿಯ ಕಾಂತಕ್ಷೇತ್ರ 40 ಮೈಕ್ರೋಟೆಸ್ಲಾ ಆಸುಪಾಸು, ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಡ್ಡಕ್ಕೇ ಇರುತ್ತದೆ. ಅಮೆರಿಕದಲ್ಲಿ ಅದು ಕಡಿದಾಗಿ ನೆಲಕ್ಕಿಳಿಯುವುದರಿಂದ ಅಡ್ಡಭಾಗ ನಮ್ಮ ಅರ್ಧದಷ್ಟು. ಅಂದರೆ ವೈರ್, ಕೇಬಲ್‌ಗಳ ಅದೇ ಕಾಂತ ಗಲಾಟೆ ಅಲ್ಲಿ ಎರಡು ಡಿಗ್ರಿ ತಪ್ಪಿಸಿದರೆ ಇಲ್ಲಿ ಒಂದೇ. ಅಲ್ಲಿಯವರ ಎಚ್ಚರಿಕೆ ಓದಿ ಹೆದರುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಜಿ5ಗಳು, ಮ್ಯಾಗ್ನೆಟೋಮೀಟರ್ ಒಂದಕ್ಕೊಂದು ಮಾತಾಡುವ ವೈರ್ ಜೋಡಿ, ಕ್ಯಾನ್ ಬಸ್ ಬಗ್ಗೆ ಒಂದೇ ಮಾತು. ಪವರ್ ಕೊಡುವ ಮೊದಲು ಅಳೆಯಿರಿ, 60 ಓಮ್ ಬರಬೇಕು. 120 ಬಂದರೆ ಒಂದು ಟರ್ಮಿನೇಟರ್ (ವೈರ್ ತುದಿಯ ರೆಸಿಸ್ಟರ್) ಕಡಿಮೆ, 40 ಬಂದರೆ ಒಂದು ಜಾಸ್ತಿ. ಪ್ಯಾನೆಲ್ ಮೇಲಿನ ರಾಯಲೈಟ್ ಪ್ಲಾಸ್ಟಿಕ್ ಮಾತ್ರ ಹಪ್ಪಳದ ಹಾಗೆ ಮುರಿಯಿತು. ಹಿಂದಿನಿಂದ ಫೈಬರ್‌ಗ್ಲಾಸ್ ಬಟ್ಟೆ, ಎಪಾಕ್ಸಿ ಹಾಕಿ ಉಳಿಸಿದೆ.

ಖರ್ಚು ನೆನಪಿನ ಮೇಲೆ ಹೇಳುತ್ತೇನೆ. ಸಾಮಾನು ಆರು ಲಕ್ಷದ ಹತ್ತಿರ, ಸಾಗಣೆ, ತೆರಿಗೆ, ಕಾಗದ, ಕೂಲಿ ಎಲ್ಲ ಸೇರಿ ಹತ್ತರೊಳಗೆ ಮುಗಿಯಿತು. ಪಂಪ್, ಹೋಸ್, ಗೈರೋ ಹೋಗಿ ತೂಕ ಐದು ಕೆಜಿಯಷ್ಟು ಇಳಿಯಿತು.

ಈಗ ಯಜಮಾನರಿಗೆ ಆಟೋಪೈಲಟ್ ಆಸೆ. ಜಿ5 ಇರುವುದರಿಂದ ಗಾರ್ಮಿನ್‌ನ ಜಿಎಫ್‌ಸಿ 500 ಆಟೋಪೈಲಟ್ ಹಾಕಬಹುದು, ಆದರೆ ಅದಕ್ಕೆ ಇನ್ನೂ ಹತ್ತು ಹದಿನೈದು ಲಕ್ಷ ಬೇಕು ಅಂದೆ. ಅವರದು ಗುಲಾಬಿ ತೋಟ. ಫೆಬ್ರವರಿ 14ರ ರೇಟ್ ನೋಡಿ ಹೇಳ್ತೀನಿ ಕಣಪ್ಪ ಅಂದಿದ್ದಾರೆ.