ಮಕ್ಕಳ ಜೊತೆ ದುಬೈನ ಮಾಲ್‌ಗೆ: ಹೊಸಬರು ಮನೆಯಲ್ಲೇ ಮಾಡಿಕೊಳ್ಳಬೇಕಾದ ತಯಾರಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದುಬೈನಲ್ಲಿ ಮಕ್ಕಳನ್ನು ಹಗಲು ಹೊತ್ತು ಪಾರ್ಕಿಗೆ ಕರೆದೊಯ್ಯುವ ಮಾತೇ ಇಲ್ಲ. ಬಿಸಿಲು 40 ಡಿಗ್ರಿ ದಾಟಿರುತ್ತದೆ, ಕತ್ತಲಾದ ಮೇಲೂ ಸೆಕೆ ಬಿಡುವುದಿಲ್ಲ. ಹಾಗಾಗಿ ಊರಿಂದ ಹೊಸದಾಗಿ ಬಂದವರಿಗೆ ಓಡಾಡಲು ಉಳಿಯುವ ಜಾಗ ಮಾಲ್ ಒಂದೇ. ಆದರೆ ಎಷ್ಟೋ ಮನೆಗಳವರು ಬಂದ ಮೊದಲ ವಾರವೇ, ಏನೂ ಯೋಚಿಸದೆ, ಶನಿವಾರ ಸಂಜೆ ನೇರವಾಗಿ ದುಬೈ ಮಾಲ್‌ಗೆ ಹೋಗಿಬಿಡುತ್ತಾರೆ. ಮಗು ಸುಸ್ತಾಗಿ ಅಳುತ್ತದೆ, ಅಪ್ಪ ಅಮ್ಮ ಜಗಳ ಆಡುತ್ತಾರೆ. ಜನಜಂಗುಳಿಯಲ್ಲಿ ಮಗುವೇ ಕಾಣದಾಗಿ ಅಮ್ಮ ಬಿಕ್ಕಿ ಬಿಕ್ಕಿ ಅಳುವುದನ್ನೂ ನಾನು ನೋಡಿದ್ದೇನೆ.

1. ಚಿಕ್ಕ ಮಾಲ್‌ನಿಂದ ಶುರು ಮಾಡಿ

2008ರಲ್ಲಿ ಶುರುವಾದ ದುಬೈ ಮಾಲ್‌ನಲ್ಲಿ ಸಾವಿರಕ್ಕೂ ಜಾಸ್ತಿ ಅಂಗಡಿಗಳಿವೆ. ಮೊದಲ ಸಲಕ್ಕೆ ಅದು ಬೇಡವೇ ಬೇಡ. ಕರಾಮಾ, ಬರ್ ದುಬೈ ಕಡೆ ಮನೆ ಇದ್ದರೆ ಬುರ್ಜುಮಾನ್ ಸಾಕು. ದೇರಾ ಕಡೆಯವರಿಗೆ ಸಿಟಿ ಸೆಂಟರ್ ದೇರಾ ಇದೆ. ಎರಡಕ್ಕೂ ಪಕ್ಕದಲ್ಲೇ ಮೆಟ್ರೋ. ಒಂದೆರಡು ಸಲ ಅಲ್ಲಿ ಓಡಾಡಿ ಮಕ್ಕಳಿಗೆ ಅಭ್ಯಾಸ ಆಗಲಿ, ದೊಡ್ಡದು ಎಲ್ಲಿಗೂ ಓಡಿಹೋಗುವುದಿಲ್ಲ. ಹೋಗುವ ಹೊತ್ತು ಬೆಳಗಿನ ಹತ್ತರಿಂದ ಮಧ್ಯಾಹ್ನ ಒಂದು ಗಂಟೆವರೆಗೆ. ಸಂಜೆ ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ. 2022ರಿಂದ ಇಲ್ಲಿ ವಾರದ ರಜೆ ಶನಿವಾರ, ಭಾನುವಾರ. ಆ ಎರಡು ಸಂಜೆ ಕಾಲಿಡಲೂ ಜಾಗ ಇರುವುದಿಲ್ಲ.

2. ಮೆಟ್ರೋದಲ್ಲಿ ತಿಂಡಿ ಡಬ್ಬಿ ತೆಗೆಯಬೇಡಿ

ಮೆಟ್ರೋ ಒಳಗೆ ತಿಂದರೆ, ಕುಡಿದರೆ 100 ದಿರ್ಹಮ್ ದಂಡ. ಮಗುವಿನ ಕೈಗೆ ಬಿಸ್ಕತ್ತು ಕೊಡುವುದೂ ಬೇಡ, ಹೊರಡುವ ಮುಂಚೆಯೇ ಹೊಟ್ಟೆ ತುಂಬಿಸಿ. ಹೆಂಗಸರು ಮಕ್ಕಳಿಗೆಂದೇ ಬೇರೆ ಜಾಗ ಇದೆ, ಅಲ್ಲಿಗೆ ಅಪ್ಪ ಹತ್ತುವ ಹಾಗಿಲ್ಲ, ಅದಕ್ಕೂ ದಂಡ ಇದೆ. ಆದ್ದರಿಂದ ಎಲ್ಲರೂ ಮಾಮೂಲಿ ಬೋಗಿಗೇ ಹತ್ತಿ. ಇಲ್ಲವೆಂದರೆ ಯಾವ ಸ್ಟೇಷನ್‌ನಲ್ಲಿ ಇಳಿಯಬೇಕು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಮುಂದೆ ದುಬೈ ಮಾಲ್‌ಗೆ ಹೋದಾಗ ನೆನಪಿಡಿ: ಸ್ಟೇಷನ್‌ನಿಂದ ಮಾಲ್ ಒಳಗೆ ಹೋಗಲು ಮುಕ್ಕಾಲು ಕಿಲೋಮೀಟರಿಗೂ ಜಾಸ್ತಿ ನಡೆಯಬೇಕು. ಮೂರು ವರ್ಷದ ಮಗುವಿಗೆ ತಳ್ಳುಗಾಡಿ ಬೇಕೇ ಬೇಕು. ಮಡಚಲು ಎರಡು ಕೈ ಬೇಕಾಗುವ, ಭಾರದ ಗಾಡಿ ಕೊಳ್ಳಬೇಡಿ. ಒಂದು ಕೈಯಲ್ಲಿ ಮಗು ಹಿಡಿದು ಇನ್ನೊಂದು ಕೈಯಲ್ಲಿ ಮಡಚಲು ಆಗುವಂಥದ್ದೇ ಸರಿ.

ಸ್ವೆಟರ್ ಮರೆಯಬೇಡಿ. ಹೊರಗೆ ಎಷ್ಟು ಸೆಕೆಯೋ ಒಳಗೆ ಅಷ್ಟು ಚಳಿ.

3. ಮಗು ತಪ್ಪಿಸಿಕೊಂಡರೆ? ಇದನ್ನು ಮನೆಯಲ್ಲೇ ಕಲಿಸಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಹೆಚ್ಚಿನವರು ಬಿಡುವುದೂ ಇದನ್ನೇ.

ಮೊದಲು ಫೋನ್ ನಂಬರ್. ಊರಲ್ಲಿ ಬಾಯಿಪಾಠ ಮಾಡಿಸಿದ ಅಪ್ಪನ ನಂಬರನ್ನೇ ಮಗು ಇಲ್ಲೂ ಹೇಳುತ್ತದೆ. ಆ ಸಿಮ್ ಮನೆಯ ಡ್ರಾಯರ್‌ನಲ್ಲಿ ಬಿದ್ದಿರುತ್ತದೆ. ಇಲ್ಲಿನ ನಂಬರ್ ಸೊನ್ನೆ ಐದರಿಂದ ಶುರುವಾಗುತ್ತದೆ, ಅದೂ ಹತ್ತು ಅಂಕಿ. ಸ್ನಾನ ಮಾಡಿಸುವಾಗ, ಊಟ ಮಾಡಿಸುವಾಗ ಹಾಡಿನ ಹಾಗೆ ದಿನಾ ಹೇಳಿಸಿ. ಐದು ವರ್ಷದೊಳಗಿನ ಮಕ್ಕಳಿಗೆ ಬಾಯಿಪಾಠ ನಂಬಬೇಡಿ, ಕೈ ಒಳಭಾಗದಲ್ಲಿ ಪೆನ್ನಿನಿಂದ ಬರೆಯಿರಿ. ಅದರ ಮೇಲೆ ಮೆಡಿಕಲ್ ಅಂಗಡಿಯ ಪಾರದರ್ಶಕ ಪಟ್ಟಿ ಅಂಟಿಸಿದರೆ ಬೆವರಿಗೆ ಅಳಿಸಿಹೋಗುವುದಿಲ್ಲ. ಅಗ್ಗದ ಜಿಪಿಎಸ್ ವಾಚ್ ಕಟ್ಟಿ ನಿಶ್ಚಿಂತೆಯಾಗಿ ಇರುವವರಿದ್ದಾರೆ. ಕಟ್ಟಡದ ಒಳಗೆ, ನಾಲ್ಕು ಅಂತಸ್ತಿನ ನಡುವೆ ಅದು ಸರಿಯಾದ ಜಾಗ ತೋರಿಸುವುದಿಲ್ಲ. ಆ ದುಡ್ಡು ದಂಡ.

ಎರಡನೆಯದು: ಒಳಗೆ ಹೋಗುವ ಮುಂಚೆ ಬಾಗಿಲಲ್ಲೇ ಮಗುವಿನ ಒಂದು ಫೋಟೋ ತೆಗೆಯಿರಿ. ತಲೆಯಿಂದ ಚಪ್ಪಲಿವರೆಗೆ ಕಾಣಬೇಕು. ಗಾಬರಿಯಲ್ಲಿ ಮಗು ಯಾವ ಬಣ್ಣದ ಅಂಗಿ ಹಾಕಿತ್ತು ಅನ್ನುವುದು ಹೆತ್ತ ತಾಯಿಗೂ ನೆನಪಾಗುವುದಿಲ್ಲ. ಬೇರೆಯವರ ಮುಖ ಆ ಫೋಟೋದಲ್ಲಿ ಬರದಂತೆ ನೋಡಿಕೊಳ್ಳಿ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಫೋಟೋ ತೆಗೆಯುವುದಕ್ಕೆ ಇಲ್ಲಿನ ಕಾನೂನು ತುಂಬಾ ಬಿಗಿ.

ಮೂರನೆಯದು: ಮಗುವಿಗೆ ಹೇಳಬೇಕಾದ ಮಾತು ಒಂದೇ, "ನಾನು ಕಾಣದಿದ್ದರೆ ನೀನು ಅಲ್ಲೇ ನಿಲ್ಲು." ಹುಡುಕಿಕೊಂಡು ಬಾ ಅನ್ನಬೇಡಿ. ಬಾಗಿಲ ಹತ್ತಿರ ಬಾ ಅನ್ನಲೂ ಬೇಡಿ, ಬಾಗಿಲು ಹತ್ತಾರು ಇರುತ್ತವೆ. ನಿಂತಲ್ಲೇ ನಿಂತು ಜೋರಾಗಿ ಅಮ್ಮನ ಹೆಸರು ಹಿಡಿದು ಕೂಗಬೇಕು. ಬರೀ "ಅಮ್ಮಾ" ಎಂದರೆ ಮಲಯಾಳಿಗಳ ಮಕ್ಕಳೂ ತಮಿಳರ ಮಕ್ಕಳೂ ಹಾಗೇ ಕೂಗುತ್ತಿರುತ್ತವೆ. ಯಾರೂ ಬರದಿದ್ದರೆ ಪಕ್ಕದ ಅಂಗಡಿಯಲ್ಲಿ ಬಿಲ್ ಮಾಡುವವರ ಹತ್ತಿರ ಹೋಗಬೇಕು, ಅಥವಾ ಯೂನಿಫಾರ್ಮ್ ಹಾಕಿದ ಸೆಕ್ಯುರಿಟಿಯವರ ಹತ್ತಿರ. ಅವರಲ್ಲಿ ಬಹಳ ಜನಕ್ಕೆ ಹಿಂದಿ ಬರುತ್ತದೆ. "ಮೇರಿ ಮಮ್ಮಿ ನಹೀಂ ಮಿಲ್ ರಹೀ" ಎಂಬ ಒಂದು ಸಾಲು ಕಲಿಸಿದರೆ ಸಾಕು. ಮನೆಯಲ್ಲಿ ಆಟದ ಹಾಗೆ ಆಡಿಸಿ: ಅಪ್ಪ ಸೆಕ್ಯುರಿಟಿ, ಮಗು ಬಂದು ಹೇಳಬೇಕು.

ಇನ್ನು ನಿಮ್ಮ ಕೆಲಸ. ಮಗು ಕಾಣದ ತಕ್ಷಣ ಒಬ್ಬರು ಅಲ್ಲೇ ನಿಲ್ಲಿ, ಇನ್ನೊಬ್ಬರು ಸೆಕ್ಯುರಿಟಿಗೆ ಹೇಳಿ. ನಮ್ಮವರು ಮಾಡುವ ದೊಡ್ಡ ತಪ್ಪು ಎಂದರೆ ಇಬ್ಬರೂ ಎರಡು ದಿಕ್ಕಿಗೆ ಓಡುವುದು, ನಾಚಿಕೆ ಪಟ್ಟುಕೊಂಡು ಅರ್ಧ ಗಂಟೆ ಯಾರಿಗೂ ಹೇಳದೆ ಇರುವುದು. ಹೊಸ ದೇಶ, ಏನಾದರೂ ಕೇಸ್ ಆದೀತು ಅನ್ನುವ ಭಯ ಬೇರೆ. ದಯವಿಟ್ಟು ಆ ಭಯ ಬಿಡಿ. ಸೆಕ್ಯುರಿಟಿಯವರ ಹತ್ತಿರ ಕ್ಯಾಮೆರಾ ಇದೆ, ವಾಕಿಟಾಕಿ ಇದೆ. ಐದು ನಿಮಿಷದೊಳಗೆ ಹೇಳಿದರೆ ಮಗು ಅದೇ ಅಂತಸ್ತಿನಲ್ಲೇ ಇರುತ್ತದೆ ಅನ್ನುವ ಆಸೆ ಜಾಸ್ತಿ. ಹಾಗೂ ಸಿಗದಿದ್ದರೆ ಪೊಲೀಸರ ನಂಬರ್ 999.

4. ದುಡ್ಡು ಕೊಡದೆ ನೋಡುವುದನ್ನು ಮೊದಲು ನೋಡಿ

ದುಬೈ ಮಾಲ್‌ನ ಅಕ್ವೇರಿಯಂನಲ್ಲಿ 1 ಕೋಟಿ ಲೀಟರ್ ನೀರಿದೆ. ಅದರ ದೊಡ್ಡ ಗಾಜಿನ ಮುಂದೆ ನಿಂತು ಶಾರ್ಕ್, ತೊರಕೆ (ಸ್ಟಿಂಗ್‌ರೇ) ಮೀನು ನೋಡಲು ಟಿಕೆಟ್ ಬೇಡ. ಚಿಕ್ಕ ಮಕ್ಕಳಿಗೆ ಅಷ್ಟೇ ಬೇಕಾದಷ್ಟಾಯಿತು. ಮಾಲ್ ಆಫ್ ದಿ ಎಮಿರೇಟ್ಸ್‌ನಲ್ಲಿ ಹಿಮದ ಮೇಲೆ ಜಾರುವವರನ್ನೂ ಗಾಜಿನ ಆಚೆಯಿಂದ ಸುಮ್ನೆ ನಿಂತು ನೋಡಬಹುದು. ಇಬ್ನ್ ಬತೂತ ಮಾಲ್ ಶಾಲೆಗೆ ಹೋಗುವ ಮಕ್ಕಳಿಗೆ ಒಳ್ಳೆಯದು. ಇಬ್ನ್ ಬತೂತ ಹಳೆಯ ಕಾಲದ ಒಬ್ಬ ಪ್ರವಾಸಿ, ಅವನು ಸುತ್ತಿದ ನಾಡುಗಳ ಹೆಸರಿನ ಅಂಗಳಗಳು ಅಲ್ಲಿವೆ, ಭಾರತದ್ದೂ ಇದೆ.

5. ಆಟದ ಜಾಗ ಕೊನೆಗೆ

ಆಟದ ಜಾಗಕ್ಕೆ ಮೊದಲೇ ಹೋದರೆ ಮಕ್ಕಳು ಅಲ್ಲಿಂದ ಏಳುವುದಿಲ್ಲ. ಸಾಕ್ಸ್ ಮನೆಯಿಂದಲೇ ತನ್ನಿ, ಇಲ್ಲದಿದ್ದರೆ ಅಲ್ಲೇ ದುಡ್ಡು ಕೊಟ್ಟು ಕೊಳ್ಳಬೇಕಾಗುತ್ತದೆ. ಕಾರ್ಡಿಗೆ ದುಡ್ಡು ತುಂಬಿಸಿ ಆಡುವ ಕಡೆ "ಇಷ್ಟು ಹಾಕಿದರೆ ಅಷ್ಟು ಫ್ರೀ" ಅನ್ನುತ್ತಾರೆ. ಹೊಸಬರು ಅದಕ್ಕೆ ಮರುಳಾಗುತ್ತಾರೆ. ಕಮ್ಮಿ ಹಾಕಿಸಿ, ಸಾಲದಿದ್ದರೆ ಮತ್ತೆ ಹಾಕಿಸಿದರಾಯಿತು. ಮಿಕ್ಕ ದುಡ್ಡು ವಾಪಸ್ ಕೊಡುತ್ತಾರಾ, ಎಷ್ಟು ತಿಂಗಳು ಉಳಿಯುತ್ತದೆ ಎಂದು ದುಡ್ಡು ಕೊಡುವ ಮೊದಲೇ ಕೇಳಿ, ಮತ್ತೆ ಮುಂದಿನ ಸಲ ಹೋಗುವಾಗ ಆ ಕಾರ್ಡನ್ನು ಮರೆಯದೆ ಚೀಲಕ್ಕೆ ಹಾಕಿಕೊಳ್ಳಿ.